ಪಾಕಶಾಲೆಯಲ್ಲಿ ಒಂದಾದ ಇಟಲಿ

೧೮೫೫ರಲ್ಲಿ ಸಮುದ್ರಸ್ನಾನಕ್ಕೆಂದು ಲಿವೊರ್ನೊ ಪಟ್ಟಣಕ್ಕೆ ಬಂದ ವರ್ತಕನೊಬ್ಬನು ಅಲ್ಲಿಯ ಭೋಜನಶಾಲೆಯಲ್ಲಿ ಮಿನೆಸ್ಟ್ರೋನೆ ಎಂಬ ತರಕಾರಿಯ ಸಾರನ್ನು ಉಂಡನು. ಅಂದಿನ ಇರುಳೆಲ್ಲ ಹೊಟ್ಟೆಯ ಬಾಧೆ, ಕಣ್ಣಿಗೆ ನಿದ್ರೆಯಿಲ್ಲ. ಆ ಸಾರನ್ನು ಮನಸಾರೆ ಶಪಿಸುತ್ತ ಬೆಳಗಾಗುತ್ತಲೇ ಫ್ಲಾರೆನ್ಸಿಗೆ ಮರಳಿದನು. ಮುಂದೆ ತಿಳಿದುಬಂದ ವಾರ್ತೆ ಬೇರೆ: ಲಿವೊರ್ನೊದಲ್ಲಿ ಕಾಲರಾ ಕಾಲಿಟ್ಟಿತ್ತು, ಅವನಿಗೆ ವಸತಿಯಿತ್ತ ಮನೆಯ ಒಡೆಯನೇ ಅದಕ್ಕೆ ತುತ್ತಾಗಿದ್ದನು. ಸಾರು ನಿರಪರಾಧಿ! ವರ್ತಕನು ಅದೇ ಸಾರನ್ನು ಮತ್ತೆ ಮತ್ತೆ ಮಾಡಿಸಿ, ತಿದ್ದಿ, ತನ್ನ ನಾಲಿಗೆಗೆ ಒಪ್ಪುವ ಪಾಕವನ್ನು ಕಂಡುಕೊಂಡನು.

ಈತನೇ ಪೆಲ್ಲೆಗ್ರಿನೊ ಆರ್ಟೂಸಿ. ಜನನ ೧೮೨೦ರಲ್ಲಿ, ಫೋರ್ಲಿಂಪೊಪೊಲಿ ಎಂಬ ಸಣ್ಣ ಊರಿನಲ್ಲಿ. ೧೮೫೧ರ ಜನವರಿಯ ಒಂದು ರಾತ್ರಿ ದರೋಡೆಕೋರರ ತಂಡವು ಊರಿನ ನಾಟಕಶಾಲೆಗೆ ನುಗ್ಗಿ, ರಂಗದ ಮೇಲಿಂದಲೇ ಪ್ರೇಕ್ಷಕರತ್ತ ಬಂದೂಕು ಚಾಚಿತು. ಆರ್ಟೂಸಿಯ ಮನೆಯೂ ಸೂರೆಯಾಯಿತು. ಆ ಆಘಾತದಿಂದ ಬುದ್ಧಿಭ್ರಮಣೆಗೊಂಡ ತಂಗಿಯೊಬ್ಬಳು ಮತ್ತೆ ಚೇತರಿಸಿಕೊಳ್ಳಲಿಲ್ಲ. ಹುಟ್ಟೂರನ್ನು ತೊರೆದ ಕುಟುಂಬವು ಫ್ಲಾರೆನ್ಸಿನಲ್ಲಿ ನೆಲಸಿತು. ರೇಷ್ಮೆಯ ವ್ಯಾಪಾರ ಕೈಹಿಡಿಯಿತು. ಆರ್ಟೂಸಿ ಮಾತ್ರ ಕೊನೆಯವರೆಗೂ ಅವಿವಾಹಿತನಾಗಿಯೇ ಉಳಿದನು.

೧೮೬೧ರಲ್ಲಿ ಇಟಲಿ ಒಂದು ರಾಜ್ಯವಾಯಿತೇನೋ ನಿಜ. ಆದರೆ ಊರಿಗೊಂದು ಆಡುಮಾತು, ಮನೆಗೊಂದು ಅಡಿಗೆ. ಒಂದು ಸೀಮೆಯ ಭಕ್ಷ್ಯದ ಹೆಸರು ಇನ್ನೊಂದು ಸೀಮೆಗೆ ತಿಳಿಯದು. ಸಿರಿವಂತರ ಪಾಕಶಾಲೆಗಳಲ್ಲಿ ಫ್ರೆಂಚ್ ಪದಗಳದೇ ದರ್ಬಾರು. ಆರ್ಟೂಸಿ ಊರೂರಿನ ರುಚಿಯನ್ನು ಕೂಡಿಸಿ, ಎಲ್ಲರಿಗೂ ತಿಳಿಯುವ ತಿಳಿಯಾದ ಇಟಾಲಿಯನ್ ಭಾಷೆಯಲ್ಲಿ ಬರೆದನು. ತಾನು ಬರೆದುದನ್ನು ಮನೆಯಲ್ಲಿ ಪಾಚಕ ಫ್ರಾಂಚೆಸ್ಕೊ ರುಫಿಲ್ಲಿ ಹಾಗೂ ಸೇವಕಿ ಮಾರಿಯೆಟ್ಟಾ ಸಬಾಟಿನಿ ಇವರ ಕೈಯಲ್ಲಿ ಮಾಡಿಸಿ ನೋಡಿದನು.

ಪ್ರಕಾಶಕರು ಯಾರೂ ಒಪ್ಪಲಿಲ್ಲ. ೧೮೯೧ರಲ್ಲಿ, ಎಪ್ಪತ್ತು ದಾಟಿದ ಮೇಲೆ, ತನ್ನದೇ ಹಣದಿಂದ ಸಾವಿರ ಪ್ರತಿಗಳನ್ನು ಅಚ್ಚು ಹಾಕಿಸಿದನು. ಹುಟ್ಟೂರಿನ ಧರ್ಮಾರ್ಥ ಲಾಟರಿಗೆ ಬಹುಮಾನವೆಂದು ಎರಡು ಪ್ರತಿಗಳನ್ನು ಕಳುಹಿಸಿದರೆ, ಗೆದ್ದವರು ಅವನ್ನು ಹೊಗೆಸೊಪ್ಪಿನ ಅಂಗಡಿಗೆ ಮಾರಿಬಿಟ್ಟರಂತೆ! ಈ ಅವಮಾನವನ್ನು ಆತನೇ ತನ್ನ ಗ್ರಂಥದ ಮುನ್ನುಡಿಯಲ್ಲಿ ನಗುನಗುತ್ತ ಹೇಳಿಕೊಂಡಿದ್ದಾನೆ.

ಆದರೆ ಗೃಹಿಣಿಯರು ಗ್ರಂಥವನ್ನು ಕೈಬಿಡಲಿಲ್ಲ. ನಾನಾ ಕಡೆಗಳಿಂದ ಪತ್ರಗಳು ಬಂದವು. ಪತ್ರಗಳೊಡನೆ ಹೊಸ ಪಾಕಗಳೂ ಬಂದವು. ಆತನು ಪರೀಕ್ಷಿಸಿ, ಒಪ್ಪಿದುದನ್ನು ಮುಂದಿನ ಮುದ್ರಣಕ್ಕೆ ಸೇರಿಸಿದನು. ಹೀಗೆ ೪೭೫ ಪಾಕಗಳ ಪುಸ್ತಕ ೭೯೦ ಪಾಕಗಳಿಗೆ ಬೆಳೆಯಿತು. ಬರೆದವನು ಒಬ್ಬನೇ ಆದರೂ ಉಣಬಡಿಸಿದವರು ಹಲವರು.

೧೯೧೧ರಲ್ಲಿ ತೊಂಬತ್ತರ ವಯಸ್ಸಿನಲ್ಲಿ ಆರ್ಟೂಸಿ ತೀರಿಕೊಂಡನು. ಗ್ರಂಥದ ಹಕ್ಕನ್ನು ಆತನು ಉಯಿಲಿನಲ್ಲಿ ಬರೆದಿಟ್ಟದ್ದು ಫ್ರಾಂಚೆಸ್ಕೊ, ಮಾರಿಯೆಟ್ಟಾ ಇವರ ಹೆಸರಿಗೆ. ಒಲೆಯ ಮುಂದೆ ಬೆವರು ಸುರಿಸಿದವರಿಗೇ ಫಲವೂ ಸಂದಿತು.

ಫೋರ್ಲಿಂಪೊಪೊಲಿಯಲ್ಲಿ ೨೦೦೭ರಲ್ಲಿ ‘ಕಾಸಾ ಆರ್ಟೂಸಿ’ ಎಂಬ ಪಾಕಕಲಾಕೇಂದ್ರವು ತೆರೆಯಿತು. ಅಡಿಗೆಯನ್ನು ಕಲಿಸುವ ಶಾಲೆ, ಗ್ರಂಥಾಲಯ, ಭೋಜನಶಾಲೆ ಎಲ್ಲವೂ ಅಲ್ಲುಂಟು. ಭೀತಿಯಿಂದ ತೊರೆದುಹೋದ ಮಗನನ್ನು ಊರು ಮರಳಿ ಕರೆತಂದದ್ದು ಹೀಗೆ.