ಮುಚ್ಚಳ ತೆಗೆಯುವ ಮೊದಲು ಗುಣ ತಿಳಿಯಿರಿ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹಲವರ ಜೀವ ಹೋಯಿತು. ರಾಷ್ಟ್ರೀಯ ಹೆದ್ದಾರಿ 66ರಲ್ಲಿದ್ದ ಅಡುಗೆ ಅನಿಲದ ಟ್ಯಾಂಕರ್ ಒಂದು ಗಂಗಾವಳಿ ನದಿಗೆ ಬಿದ್ದು ಸಗಡಗೇರಿಯ ಕಡೆಗೆ ತೇಲಿಹೋಯಿತು. ಸುತ್ತಲಿನ ಜನರನ್ನು ದೂರ ಕಳಿಸಿ, ತಜ್ಞರು ಅದರೊಳಗಿನ ಅನಿಲ ಖಾಲಿ ಮಾಡಿದರು. ಶಾಲೆ ಮತ್ತೆ ತೆರೆದಾಗ ಮಕ್ಕಳು ನನ್ನನ್ನು ಕೇಳಿದ್ದು ಇದನ್ನೇ: “ಅಕ್ಕೋರೆ, ಅಷ್ಟು ಭಾರದ ಕಬ್ಬಿಣ ಮುಳುಗಲಿಲ್ಲ ಯಾಕೆ?”

ದ್ರವರೂಪದ ಅಡುಗೆ ಅನಿಲದ ಸಾಂದ್ರತೆ ನೀರಿನ ಸಾಂದ್ರತೆಯ ಸುಮಾರು ಅರ್ಧದಷ್ಟು. ಬಿಸಿಗೆ ಹಿಗ್ಗಲು ಜಾಗ ಬೇಕೆಂದು ಟ್ಯಾಂಕನ್ನು ಪೂರ್ತಿ ತುಂಬುವುದೂ ಇಲ್ಲ. ಹಾಗಾಗಿ ಉಕ್ಕಿನ ತೂಕ ಸೇರಿಸಿದರೂ ಟ್ಯಾಂಕ್ ಪಕ್ಕಕ್ಕೆ ಸರಿಸುವ ನೀರಿನ ತೂಕವೇ ಹೆಚ್ಚು, ಅದು ತೇಲುತ್ತದೆ. ಎರಡನೆಯ ಪ್ರಶ್ನೆ ಇನ್ನೂ ಒಳ್ಳೆಯದು: “ಗ್ಯಾಸು ಮೇಲೆ ಹಾರಿ ಹೋಗ್ತದಲ್ಲ, ಜನರನ್ನ ಯಾಕೆ ಕಳಿಸಿದ್ರು?” ಹಾರಿ ಹೋಗುವುದಿಲ್ಲ. ಆವಿಯಾದ ಅಡುಗೆ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗಿ ಹಬ್ಬಿ, ನೆಲ ಹಿಡಿದು ಹರಿದು, ಚರಂಡಿ, ತಗ್ಗುಗಳಲ್ಲಿ ನಿಲ್ಲುತ್ತದೆ. ಅಲ್ಲಿ ಒಂದು ಒಲೆ ಹೊತ್ತಿದರೂ ಸಾಕು. ನಮ್ಮ ಅಡುಗೆಮನೆಗೂ ಇದೇ ಲೆಕ್ಕ: ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬಾರದು, ಕಿಟಕಿಯ ಜೊತೆಗೆ ಬಾಗಿಲನ್ನೂ ತೆರೆಯಬೇಕು, ಅನಿಲ ಹೊರಗೆ ಹೋಗುವುದು ನೆಲಮಟ್ಟದಿಂದಲೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಪ್ರಯೋಗಾಲಯದ ಗೋಡೆಯ ಮೇಲೆ ‘ಮುಟ್ಟಬೇಡಿ’, ‘ಮೂಸಬೇಡಿ’ ಎಂಬ ಪಟ್ಟಿ ಎಲ್ಲ ಕಡೆ ಇರುತ್ತದೆ. ಆದರೆ ಸುರಕ್ಷತೆಯ ಪ್ರತಿ ನಿಯಮದ ಹಿಂದೆ ವಸ್ತುವಿನ ಒಂದು ಗುಣ ಇದೆ. ಗುಣ ಬಿಟ್ಟು ನಿಯಮವನ್ನಷ್ಟೇ ಕಲಿಸಿದರೆ ಮಕ್ಕಳು ಅದನ್ನು ಪರೀಕ್ಷೆಯಲ್ಲಿ ಬರೆದು ಮರೆಯುತ್ತಾರೆ.

ಕಾಸ್ಟಿಕ್ ಸೋಡಾವನ್ನೇ ನೋಡಿ. ಉಪ್ಪುನೀರಿನಲ್ಲಿ ವಿದ್ಯುತ್ ಹರಿಸಿ ಇದನ್ನು ತಯಾರಿಸುವ ಕಾರ್ಖಾನೆ ಕಾರವಾರದ ಬಿಣಗಾದಲ್ಲೇ ಇದೆ. ಜೊತೆಗೆ ಕ್ಲೋರಿನ್, ಹೈಡ್ರೋಜನ್ ಹುಟ್ಟುತ್ತವೆ. ಊಟದ ಉಪ್ಪಿನಿಂದ ಹುಟ್ಟಿದರೂ ಇವು ಯಾವುವೂ ಉಪ್ಪಿನ ಗುಣದವಲ್ಲ. ಮಳೆಗಾಲದಲ್ಲಿ ನಾನು ಕಾಸ್ಟಿಕ್ ಸೋಡಾದ ಬಿಳಿ ಗುಳಿಗೆಗಳನ್ನು ಗಾಜಿನ ಬಟ್ಟಲಲ್ಲಿ ಇಟ್ಟು ಹಾಜರಿ ಕರೆಯುತ್ತೇನೆ. ಹಾಜರಿ ಮುಗಿಯುವಷ್ಟರಲ್ಲಿ ಅವುಗಳ ಮೈ ಒದ್ದೆಯಾಗಿ ಹೊಳೆಯುತ್ತದೆ. ಮತ್ತೆ ಸ್ವಲ್ಪ ಹೊತ್ತಿಗೆ ಬಟ್ಟಲಿನ ತಳದಲ್ಲಿ ದ್ರವ ನಿಲ್ಲುತ್ತದೆ. ಗಾಳಿಯ ತೇವವನ್ನು ಅದು ಹೀರುತ್ತದೆ. ಮುಚ್ಚಳ ಬಿಗಿಯಾಗಿರಬೇಕು ಎನ್ನುವುದು ಇದಕ್ಕೇ. ಅದು ಗಾಜನ್ನೂ ನಿಧಾನಕ್ಕೆ ತಿನ್ನುತ್ತದೆ, ಗಾಜಿನ ಬಿರಡೆ ಕಚ್ಚಿಕೊಂಡುಬಿಡುತ್ತದೆ; ಆದ್ದರಿಂದ ಪ್ಲಾಸ್ಟಿಕ್ ಮುಚ್ಚಳ. ಬೆರಳಿಗೆ ತಾಗಿದರೆ ಜಾರುತ್ತದೆ, ಏಕೆಂದರೆ ಚರ್ಮದ ಜಿಡ್ಡನ್ನೇ ಅದು ಸಾಬೂನು ಮಾಡುತ್ತಿರುತ್ತದೆ. ಉರಿ ತಡವಾಗಿ ಗೊತ್ತಾಗುತ್ತದೆ, ಅಷ್ಟರಲ್ಲಿ ಗಾಯ ಆಳಕ್ಕೆ ಇಳಿದಿರುತ್ತದೆ. ಕಣ್ಣಿಗೆ ಬಿದ್ದರಂತೂ ತಕ್ಷಣ ಹರಿಯುವ ನೀರಿನಲ್ಲಿ ಕನಿಷ್ಠ ಕಾಲು ಗಂಟೆ ತೊಳೆದು ಆಸ್ಪತ್ರೆಗೆ ಹೋಗಬೇಕು. ಲಿಂಬೆರಸ ಹಾಕಿ ಸರಿಮಾಡುವ ಸಾಹಸ ಬೇಡ.

ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಹಾಕಬಾರದು ಎಂಬುದಕ್ಕೂ ಕಾರಣ ಸಾಂದ್ರತೆಯೇ. ಸಾರೀಕೃತ ಗಂಧಕಾಮ್ಲ ನೀರಿಗಿಂತ ಸುಮಾರು 1.84 ಪಟ್ಟು ಭಾರ. ಅದರ ಮೇಲೆ ನೀರು ಸುರಿದರೆ ನೀರು ಮೇಲೇ ನಿಂತು, ಹುಟ್ಟುವ ಶಾಖಕ್ಕೆ ಕುದಿದು ಆಮ್ಲವನ್ನು ಮುಖಕ್ಕೆ ಎರಚುತ್ತದೆ. ಆಮ್ಲವನ್ನೇ ನೀರಿಗೆ ಸ್ವಲ್ಪಸ್ವಲ್ಪ ಹಾಕಿ ಕಲಕಿದರೆ ಅದು ಕೆಳಗಿಳಿದು ಬೆರೆಯುತ್ತದೆ, ಹೆಚ್ಚಿನ ನೀರು ಶಾಖವನ್ನು ತಡೆದುಕೊಳ್ಳುತ್ತದೆ. ಸೋಡಿಯಂ ಸೀಮೆಎಣ್ಣೆಯಲ್ಲಿ ಮುಳುಗುತ್ತದೆ, ನೀರಿನಲ್ಲಿ ತೇಲುತ್ತದೆ. ಸೀಮೆಎಣ್ಣೆಯಲ್ಲಿ ಅದು ಸುರಕ್ಷಿತವಾಗಿರುತ್ತದೆ. ನೀರಿನ ಮೇಲಾದರೆ ಹೈಡ್ರೋಜನ್ ಬಿಡುತ್ತಾ ಓಡಾಡಿ ಬೆಂಕಿಯನ್ನೂ ಹೊತ್ತಿಸಬಲ್ಲದು.

ಈ ಪಾಠ ಶಾಲೆಯಲ್ಲೇ ಉಳಿಯಬಾರದು. ಮಳೆಗಾಲದಲ್ಲಿ ನಮ್ಮ ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಉಳಿದದ್ದು ಬಚ್ಚಲುಮನೆಯಲ್ಲಿ, ಟಾಯ್ಲೆಟ್ ತೊಳೆಯುವ ಆ್ಯಸಿಡ್ ಪಕ್ಕದಲ್ಲೇ ಇರುತ್ತದೆ. ಹೆಚ್ಚು ಬೆಳ್ಳಗಾಗಲಿ ಎಂದು ಎರಡನ್ನೂ ಒಟ್ಟಿಗೆ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಗಾಳಿಗಿಂತ ಎರಡೂವರೆ ಪಟ್ಟು ಭಾರ. ಕುಕ್ಕರಗಾಲಿನಲ್ಲಿ ಕೂತು ನೆಲ ಉಜ್ಜುವವರ ಮೂಗಿನ ಮಟ್ಟದಲ್ಲೇ ತುಂಬುತ್ತದೆ. ಗಂಟಲು ಉರಿದ ಕೂಡಲೇ ಎದ್ದು ಬಯಲಿಗೆ ಬರಬೇಕು.

ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ: ಪ್ರತಿ ಬಾಟಲಿಯ ಮೇಲೆ ಹೆಸರಿನ ಜೊತೆ ಅದರ ಒಂದು ಗುಣ ಮತ್ತು ಆ ಗುಣದಿಂದ ಬರುವ ಒಂದು ಎಚ್ಚರಿಕೆ ಬರೆಸಿ, ಮಕ್ಕಳ ಕೈಯಿಂದಲೇ ಬರೆಸಿ. ಹೆಸರು ಅಳಿಸಿಹೋದ ಬಾಟಲಿಯನ್ನು ಮೂಸಿ ಗುರುತಿಸಲು ಹೋಗದೆ ಬೇರೆಯಾಗಿ ಇಡಿ. ತಂದೆ-ತಾಯಿಯರೇ, ಆ್ಯಸಿಡನ್ನು ನೀರಿನ ಬಾಟಲಿಗೆ ತುಂಬಿಡಬೇಡಿ. ಬ್ಲೀಚಿಂಗ್ ಪೌಡರನ್ನು ಇವತ್ತೇ ಅದರಿಂದ ದೂರ ಇಡಿ.