ನೇಪಲ್ಸ್ ನಗರದ ಸುತ್ತಮುತ್ತ

ಇಟಲಿ ದೇಶದ ನೇಪಲ್ಸ್ ಪಟ್ಟಣವು ಭೂಮಧ್ಯ ಸಮುದ್ರದ ಕೊಲ್ಲಿಯೊಂದನ್ನು ಬಳಸಿ ಶೋಭಿಸುತ್ತಿರುವುದು. ದಕ್ಷಿಣಕ್ಕೆ ಹೋದರೆ ನಿಂಬೆಯ ತೋಟಗಳ ಸೊರೆಂಟೊ. ಅದರಾಚೆ ಕಾಪ್ರಿ ದ್ವೀಪ. ಅಲ್ಲಿಯ ನೀಲಗುಹೆಯ ಬಾಯಿ ಬಹು ಕಿರಿದು. ದೋಣಿಯಲ್ಲಿ ಮಲಗಿಯೇ ಒಳಹೊಗಬೇಕು.

ಪೂರ್ವದಲ್ಲಿ ವೆಸೂವಿಯಸ್ ಅಗ್ನಿಪರ್ವತವು ನಿಂತಿರುವುದು. ಕ್ರಿ. ಶ. 79ರಲ್ಲಿ ಅದು ಕಾರಿದ ಬೂದಿಯಲ್ಲಿ ಪಾಂಪೇ ನಗರವು ಹೂತುಹೋಯಿತು. 1748ರಿಂದ ಅಗೆದು ತೆಗೆದ ಬೀದಿಗಳಲ್ಲಿ ರೊಟ್ಟಿಯ ಒಲೆಗಳನ್ನೂ ಬಂಡಿಗಾಲಿಗಳು ಕೊರೆದ ಜಾಡುಗಳನ್ನೂ ಇಂದಿಗೂ ಕಾಣಬಹುದು. 1944ರಲ್ಲಿ ಅದೇ ಪರ್ವತದ ಲಾವಾರಸವು ಸಾನ್ ಸೆಬಾಸ್ಟಿಯಾನೋ ಗ್ರಾಮದ ಬಹುಭಾಗವನ್ನು ನುಂಗಿತು. ಗ್ರಾಮಸ್ಥರು ಅಲ್ಲಿಯೇ ಮತ್ತೆ ಮನೆಗಳನ್ನು ಕಟ್ಟಿಕೊಂಡರು.

ಇಷ್ಟು ಭಯವಿದ್ದೂ ಅಲ್ಲಿರುವುದೇಕೆಂದು ವಾಚಕರು ಕೇಳಬಹುದು. ಊರನ್ನು ಸುಟ್ಟ ಬೆಟ್ಟವೇ ದ್ರಾಕ್ಷಿಯ ಬಳ್ಳಿಗೆ ಸಾರವತ್ತಾದ ಮಣ್ಣನ್ನೂ ಕೊಟ್ಟಿದೆ. ಅನ್ನವಿತ್ತ ನೆಲವನ್ನು ಒಕ್ಕಲಿಗನು ಸುಲಭವಾಗಿ ಬಿಡಲಾರನು.