ಬಾಲದಿಂದ ಓದು ಶುರುಮಾಡುವ ಯಂತ್ರ

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಮೊಮ್ಮಗಳಿಗಾಗಿ ಎಂಟನೇ ತರಗತಿಯ ವಿಜ್ಞಾನ ಪುಸ್ತಕದ ಪಿಡಿಎಫ್ ಇಳಿಸಿಕೊಂಡಿದ್ದರು. ಕ್ಲಿಕ್ ಮಾಡಿದಾಗಲೆಲ್ಲ ಕಂಪ್ಯೂಟರ್ ‘ಇದನ್ನು ಯಾವುದರಲ್ಲಿ ತೆರೆಯಲಿ?’ ಎಂದು ಅವರನ್ನೇ ಕೇಳುತ್ತಿತ್ತು. ಹೊಸ ಸಾಫ್ಟ್‌ವೇರ್ ಹಾಕಿಸಬೇಕೇನೋ ಎಂದು ನನಗೆ ಹೇಳಿ ಕಳಿಸಿದರು. ನಾನು ಆ ಫೈಲನ್ನು ಮೌಸಿನಲ್ಲಿ ಹಿಡಿದೆಳೆದು ಕ್ರೋಮ್ ಕಿಟಕಿಯ ಮೇಲೆ ಬಿಟ್ಟೆ. ಪುಸ್ತಕ ತೆರೆದುಕೊಂಡಿತು. ಅಂದು ಬೆಳಗಿನಿಂದ ಬಡಾವಣೆಯಲ್ಲಿ ನೆಟ್ ಇರಲಿಲ್ಲ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಕೇಳಿದರು: “ನೆಟ್ಟೇ ಇಲ್ವಲ್ಲಪ್ಪಾ, ಬ್ರೌಸರ್ ಹೇಗೆ ತೆರೀತು?”

“ಅಡ್ರೆಸ್ ಬಾರ್ ನೋಡಿ ಮೇಷ್ಟ್ರೇ” ಎಂದೆ. ಅಲ್ಲಿ ‘ಫೈಲ್’ ಎಂಬ ಪದ, ಒಂದು ಕೋಲನ್, ಆಮೇಲೆ ಮೂರು ಓರೆಗೆರೆಗಳಿದ್ದವು. ಮೂರೇಕೆ? ಎರಡನೆಯ ಗೆರೆಗೂ ಮೂರನೆಯ ಗೆರೆಗೂ ನಡುವೆ ಯಾವ ಕಂಪ್ಯೂಟರಿನಿಂದ ತರಬೇಕು ಎಂಬ ಹೆಸರು ಬರಬೇಕು. ಅದು ಖಾಲಿ ಇದ್ದರೆ ಈ ಕಂಪ್ಯೂಟರಿನಿಂದಲೇ ಎಂದರ್ಥ. ಬ್ರೌಸರ್ ಎಂದರೆ ಇಂಟರ್ನೆಟ್ಟಿಗೆ ಹೋಗುವ ಬಾಗಿಲು ಎಂದಷ್ಟೇ ನಾವು ತಿಳಿದಿದ್ದೇವೆ. ತಂದದ್ದನ್ನು ಪರದೆಯ ಮೇಲೆ ಬಿಡಿಸಿ ತೋರಿಸುವುದೂ ಅದರದೇ ಕೆಲಸ. ತರುವ ಕೆಲಸ ಮೊದಲೇ ಮುಗಿದಿದ್ದರೆ ಬಿಡಿಸುವ ಕೆಲಸಕ್ಕೆ ನೆಟ್ ಬೇಕಿಲ್ಲ. ಹೀಗೆ ತೆರೆದ ಫೈಲ್ ನಿಮ್ಮ ಕಂಪ್ಯೂಟರ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ‘ಪಿಡಿಎಫ್ ತೆರೆದುಕೊಡುತ್ತೇವೆ, ಇಲ್ಲಿ ಹಾಕಿ’ ಎನ್ನುವ ಜಾಲತಾಣಗಳ ವಿಷಯ ಬೇರೆ. ಅಲ್ಲಿ ಹಾಕಿದ ಆಧಾರ್ ಪ್ರತಿ ಇನ್ಯಾರದೋ ಕಂಪ್ಯೂಟರಿಗೆ ಹೋಗಿ ಕೂರುತ್ತದೆ.

ಮೊದಲು ಹೀಗಿರಲಿಲ್ಲ. ಪಿಡಿಎಫ್ ನೋಡಲು ಬೇರೆ ತಂತ್ರಾಂಶ ಹಾಕಿಕೊಂಡು, ಅದನ್ನು ಬ್ರೌಸರಿಗೆ ಜೋಡಿಸಬೇಕಿತ್ತು. ಕ್ರೋಮ್ 2010ರಲ್ಲಿ, ಫೈರ್‌ಫಾಕ್ಸ್ 2013ರಲ್ಲಿ ಓದುವ ವ್ಯವಸ್ಥೆಯನ್ನು ಒಳಗೇ ಇಟ್ಟುಕೊಂಡವು. ಇವತ್ತು ಯಾವ ಹೊಸ ಕಂಪ್ಯೂಟರಿಗೂ ಓದುವುದಕ್ಕಷ್ಟೇ ಇನ್ನೊಂದು ತಂತ್ರಾಂಶ ಬೇಕಾಗಿಲ್ಲ.

ಒಳಗೆ ನಡೆಯುವುದನ್ನು ನೋಡಬೇಕೆಂದರೆ ಒಂದು ಪಿಡಿಎಫ್‌ನ ಪ್ರತಿ ಮಾಡಿಕೊಂಡು, ಆ ಪ್ರತಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಸೇವ್ ಮಾತ್ರ ಮಾಡಬೇಡಿ. ಮೊದಲ ಸಾಲಿನಲ್ಲಿ ಶೇಕಡಾ ಚಿಹ್ನೆ, ‘ಪಿಡಿಎಫ್’ ಎಂಬ ಮೂರು ಅಕ್ಷರ, ಅಡ್ಡಗೆರೆ, ಆವೃತ್ತಿಯ ಅಂಕಿ ಇರುತ್ತವೆ. ಅದು ಫೈಲಿನ ಜಾತಕ. ನಡುವೆ ಪುಟಗಟ್ಟಲೆ ಅರ್ಥವಾಗದ ಚಿಹ್ನೆಗಳು. ಜಾಗ ಉಳಿಸಲು ಅಮುಕಿಟ್ಟ ಮಾಹಿತಿ ಅದು. ಸ್ವಾರಸ್ಯ ಇರುವುದು ಕಟ್ಟಕಡೆಯಲ್ಲಿ. ಫೈಲು ಮುಗಿಯಿತೆಂಬ ಗುರುತಿನ ಸ್ವಲ್ಪ ಮೇಲೆ ಒಂದೇ ಒಂದು ಸಂಖ್ಯೆ ಇರುತ್ತದೆ. ಪರಿವಿಡಿ ಎಷ್ಟನೇ ಬೈಟಿನಲ್ಲಿದೆ ಎಂದು ಹೇಳುವ ಸಂಖ್ಯೆ ಅದು. ಬ್ರೌಸರ್ ಮೊದಲು ಫೈಲಿನ ಬಾಲ ಹಿಡಿದು ಈ ಸಂಖ್ಯೆ ಓದುತ್ತದೆ, ಪರಿವಿಡಿಗೆ ಹಾರುತ್ತದೆ, ಅಲ್ಲಿಂದ ನಿಮಗೆ ಬೇಕಾದ ಪುಟಕ್ಕೆ. ನಾನೂರು ಪುಟದ ಪುಸ್ತಕದಲ್ಲಿ ಮುನ್ನೂರನೇ ಪುಟ ಥಟ್ಟನೆ ಬರುವ ಗುಟ್ಟು ಇದು. ಡೌನ್‌ಲೋಡ್ ಅರ್ಧಕ್ಕೆ ನಿಂತ ಫೈಲು ಎಷ್ಟೋ ಸಲ ‘ಹಾಳಾಗಿದೆ’ ಎನ್ನಿಸಿಕೊಳ್ಳುವುದೂ ಇದೇ ಕಾರಣಕ್ಕೆ: ಅದಕ್ಕೆ ಬಾಲವೇ ಇರುವುದಿಲ್ಲ.

ಪುಟ ಸಿಕ್ಕ ಮೇಲೆ ಶುರುವಾಗುವುದು ಚಿತ್ರ ಬಿಡಿಸುವ ಕೆಲಸ. ಒಂದು ಅಂಗುಲಕ್ಕೆ 72 ಪಾಯಿಂಟ್ ಲೆಕ್ಕ. ಎ4 ಹಾಳೆ ಎಂದರೆ ಸುಮಾರು 595 ಪಾಯಿಂಟ್ ಅಗಲ, 842 ಪಾಯಿಂಟ್ ಎತ್ತರ. ಸಾಮಾನ್ಯವಾಗಿ ಎಣಿಕೆ ಎಡಗಡೆಯ ಕೆಳಮೂಲೆಯಿಂದ, ಶಾಲೆಯ ಗ್ರಾಫ್ ಹಾಳೆಯಂತೆಯೇ. ‘ಬಲಕ್ಕೆ 72, ಮೇಲಕ್ಕೆ 700 ಹೋಗು, ಈ ಫಾಂಟಿನ ಇಷ್ಟನೇ ಆಕಾರವನ್ನು ಅಲ್ಲಿ ಇಡು’ ಎನ್ನುವ ಆದೇಶಗಳ ಸಾಲೇ ಪಿಡಿಎಫ್ ಪುಟ. ಅಡೋಬಿಯ ಜಾನ್ ವಾರ್ನಾಕ್ 1991ರಲ್ಲಿ ಇದರ ಕನಸು ಕಂಡಾಗ ಅವರಿಗೆ ಬೇಕಿದ್ದದ್ದು ಒಂದು ದಾಖಲೆ ಯಾವ ಯಂತ್ರದಲ್ಲೂ, ಯಾವ ಪ್ರಿಂಟರಿನಲ್ಲೂ ಒಂದೇ ರೂಪದಲ್ಲಿ ಕಾಣಬೇಕೆಂಬುದು. 1993ರಲ್ಲಿ ಅದು ಕೈಗೂಡಿತು. 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು.

ರೂಪಕ್ಕೆ ಕೊಟ್ಟ ಈ ಮಹತ್ವದಿಂದ ಕನ್ನಡಕ್ಕೆ ಪೆಟ್ಟು ಬಿದ್ದಿದೆ. ಆಕಾರವನ್ನು ಎಲ್ಲಿಡಬೇಕೆಂಬುದು ಪಿಡಿಎಫ್‌ಗೆ ಗೊತ್ತು. ಆ ಆಕಾರ ಯಾವ ಅಕ್ಷರ ಎಂದು ತಿಳಿಸುವ ಕೋಷ್ಟಕ ಬೇರೆಯೇ ಇರಬೇಕು. ನುಡಿಯಂಥ ಹಳೆಯ ಪದ್ಧತಿಯ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಕಣ್ಣಿಗೆ ‘ಕ’ ಕಾಣುತ್ತದೆ. ಯಂತ್ರದ ಪಾಲಿಗೆ ಅದು ಇಂಗ್ಲಿಷಿನ ‘ಪಿ’, ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ ‘ಎ’. ಇಂಥ ಫಾಂಟಿನಲ್ಲಿ ಸಿದ್ಧವಾದ ಸರ್ಕಾರಿ ಸುತ್ತೋಲೆಯಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿ ‘ಕನ್ನಡ’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ, ಪುಟದ ತುಂಬ ಕನ್ನಡವೇ ಇದ್ದರೂ. ಕಣ್ಣು ಕಾಣದವರು ಪರದೆಯನ್ನು ಓದಿ ಹೇಳುವ ತಂತ್ರಾಂಶ ಹಚ್ಚಿದರೆ ಕೇಳುವುದು ಬರೀ ಅಸಂಬದ್ಧ ಶಬ್ದ. ನನಗೆ ಇದು ಬಹಳ ನೋವಿನ ಸಂಗತಿ. ಒಂದು ಸರ್ಕಾರಿ ಆದೇಶ ಅವರಿಗೂ ಅಷ್ಟೇ ಸೇರಿದ್ದು.

ಪ್ರತಿ ಲಿಪಿಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿಯಲ್ಲಿ 1991ರಿಂದಲೂ ಕನ್ನಡಕ್ಕೆ ಸ್ವಂತ ಜಾಗವಿದೆ. ಅದರಲ್ಲಿ ಬರೆದ ಪಿಡಿಎಫ್‌ನಲ್ಲಿ ಹುಡುಕಾಟ ಬಹುಮಟ್ಟಿಗೆ ನಡೆಯುತ್ತದೆ. ಆದರೂ ಅರ್ಕಾವೊತ್ತಿನ ತೊಡಕು ಉಳಿದಿದೆ. ‘ಕರ್ನಾಟಕ’ದಲ್ಲಿ ‘ರ್’ ಉಚ್ಚಾರ ‘ನಾ’ಕ್ಕಿಂತ ಮೊದಲು, ಬರೆಯುವ ಚಿಹ್ನೆ ಮಾತ್ರ ಅದರ ನಂತರ. ಕಂಡ ಕ್ರಮದಲ್ಲೇ ಆಕಾರಗಳನ್ನು ಹೆಕ್ಕಿದರೆ ‘ಕನಾರ್ಟಕ’ ಆಗುತ್ತದೆ. ಈ ಕನಾರ್ಟಕವನ್ನು ನೀವೂ ಎಷ್ಟೋ ಕಡೆ ನೋಡಿರುತ್ತೀರಿ.

ಮೇಷ್ಟ್ರ ಕಂಪ್ಯೂಟರಿಗೆ ಮಾಡಿಕೊಟ್ಟದ್ದು ಇಷ್ಟು. ಫೈಲಿನ ಮೇಲೆ ಬಲ ಕ್ಲಿಕ್, ‘ಓಪನ್ ವಿತ್’, ‘ಚೂಸ್ ಅನದರ್ ಆಪ್’, ಪಟ್ಟಿಯಲ್ಲಿ ಬ್ರೌಸರಿನ ಹೆಸರು, ಕೊನೆಗೆ ‘ಆಲ್ವೇಸ್’. ವಿಂಡೋಸ್ ಆಮೇಲೆ ಮತ್ತೆ ಕೇಳುವುದಿಲ್ಲ. ಅದು ನೋಡುವುದು ಹೆಸರಿನ ಕೊನೆಯ ಚುಕ್ಕಿಯ ಮುಂದಿನ ಅಕ್ಷರಗಳನ್ನು ಮಾತ್ರ. ಆ ಅಕ್ಷರಗಳನ್ನು ವಿಂಡೋಸ್ ಸಾಮಾನ್ಯವಾಗಿ ಮರೆಮಾಡಿರುತ್ತದೆ. ಫೈಲುಗಳ ಕಿಟಕಿಯ ‘ವ್ಯೂ’ ಪಟ್ಟಿಯಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ಗೆ ಗುರುತು ಹಾಕಿ ಅವು ಕಾಣುವಂತೆ ಮಾಡಿಕೊಳ್ಳಿ. ಪಿಡಿಎಫ್ ಎಂದು ಹೆಸರಿಟ್ಟುಕೊಂಡು ಕೊನೆಯಲ್ಲಿ ‘ಇಎಕ್ಸ್‌ಇ’ ಎಂದಿದ್ದರೆ ಅದು ದಾಖಲೆಯಲ್ಲ, ಒಳಹೊಕ್ಕು ಓಡುವ ಪ್ರೋಗ್ರಾಮು. ಮುಟ್ಟಬೇಡಿ. ಇನ್ನು ಜಾಲತಾಣದಲ್ಲಿ ಪಿಡಿಎಫ್ ಒತ್ತಿದಾಗಲೆಲ್ಲ ತೆರೆಯದೆ ಇಳಿಯುತ್ತಿದ್ದರೆ, ಕ್ರೋಮಿನ ‘ಸೈಟ್ ಸೆಟ್ಟಿಂಗ್ಸ್’ ಒಳಗಿನ ‘ಪಿಡಿಎಫ್ ಡಾಕ್ಯುಮೆಂಟ್ಸ್’ನಲ್ಲಿ ತೆರೆಯುವ ಆಯ್ಕೆ ಇದೆ.

ಬ್ರೌಸರಿಗೂ ಮಿತಿಗಳಿವೆ. ಈಗಿನ ವರ್ಡ್ ಕಡತ ನಿಜವಾಗಿ ಒಂದು ಜಿಪ್ ಗಂಟು. ಅದನ್ನು ಕ್ರೋಮ್ ತಾನಾಗಿ ಬಿಚ್ಚಿ ತೋರಿಸುವುದಿಲ್ಲ. ಇ-ಆಧಾರ್ ಪ್ರತಿಗೆ ಪಾಸ್‌ವರ್ಡ್ ಕೊಟ್ಟರೆ ತೆರೆದುಕೊಳ್ಳುತ್ತದೆ. ಅದರ ಡಿಜಿಟಲ್ ಸಹಿ ಅಸಲಿಯೇ ಎಂದು ಪರಿಶೀಲಿಸಲು ಮಾತ್ರ ಅಕ್ರೋಬ್ಯಾಟ್ ರೀಡರಿನಂಥ ತಂತ್ರಾಂಶ ಬೇಕು.

ಮೇಷ್ಟ್ರ ಮೊಮ್ಮಗಳು ಆವತ್ತೇ ಪುಸ್ತಕದಲ್ಲಿ ‘ಜೀವಕೋಶ’ ಎಂದು ಹುಡುಕಿದಳು. ಸಿಗಲಿಲ್ಲ. ಪಾಠ ಕಣ್ಣೆದುರೇ ಇತ್ತು. ಕನ್ನಡದ ಪಿಡಿಎಫ್ ಸಿದ್ಧಪಡಿಸುವ ಎಲ್ಲರಲ್ಲೂ ನನ್ನ ಕೋರಿಕೆ ಇದು: ಯುನಿಕೋಡಿನಲ್ಲೇ ಬೆರಳಚ್ಚು ಮಾಡಿ, ಸಾರ್ವಜನಿಕರಿಗೆ ಬಿಡುವ ಮೊದಲು ಒಮ್ಮೆ ಬ್ರೌಸರಿನಲ್ಲಿ ತೆರೆದು, ಅದರೊಳಗಿನ ಯಾವುದಾದರೊಂದು ಕನ್ನಡ ಪದವನ್ನು ಹುಡುಕಿ ನೋಡಿ. ಸಿಗದಿದ್ದರೆ ದಯವಿಟ್ಟು ಸರಿಪಡಿಸಿಯೇ ಹಾಕಿ.